ತಣ್ಣಗಿದ್ದ ಕಾಲು

ಆಗಸ್ಟ್ 4

ಇವತ್ತಿನಿಂದ ಲಾಯ ನನ್ನದು. ಬರೆದರೆ ಧೈರ್ಯ ಬರಬಹುದು ಎಂದು ಬರೆದೆ; ಬರಲಿಲ್ಲ.

ಹೃದಯದ ಆಪರೇಷನ್ ಆದಮೇಲೆ ಅಣ್ಣ ಕುದುರೆಗಳ ಕಡೆ ತಲೆ ಹಾಕಿಯೂ ಮಲಗಬಾರದು ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಇಷ್ಟು ವರ್ಷ ಅವನ ಬೆನ್ನ ಹಿಂದೆ ನಿಂತು, ಬೈದರೆ ಬೈಸಿಕೊಂಡು, ಅವನು ಹೇಳಿದ ಕುದುರೆಯನ್ನು ಹೇಳಿದ ಹಾಗೆ ಓಡಿಸಿಕೊಂಡು ಹಾಯಾಗಿದ್ದೆ. ಈಗ ರೇಸ್‌ಕೋರ್ಸಿನವರು ಟ್ರೈನರ್ ಅಂದರೆ ನಾನೇ ಎಂದು ತೀರ್ಮಾನಿಸಿದ್ದಾರೆ. ಅಭಿನಂದನೆ ಹೇಳಲು ಬಂದವರೆಲ್ಲ ಸಮಾಧಾನ ಹೇಳಲು ಬಂದವರಂತೆ ಕಾಣುತ್ತಿದ್ದಾರೆ.

ಬೆಳಿಗ್ಗೆ ಆರು ಕುದುರೆಗಳೂ ಟ್ರ್ಯಾಕಿಗೆ ಹೋಗಿ ಬಂದವು. ಮಗಳು ಗುಬ್ಬಿಯ ಮೇಲಿದ್ದಳು. ಗುಬ್ಬಿ ಎಂದರೆ ನಮ್ಮ ಮೂರು ವರ್ಷದ ಕಂದು ಹೆಣ್ಣು ಕುದುರೆ. ರೇಸಿನ ಪಟ್ಟಿಯಲ್ಲಿ ಅವಳಿಗೊಂದು ಮಾರುದ್ದದ ಹೆಸರಿದೆ, ಅದನ್ನು ಪೂರ್ತಿ ಕರೆಯುವಷ್ಟರಲ್ಲಿ ಅವಳು ಒಂದು ಸುತ್ತು ಹೋಗಿ ಬಂದಿರುತ್ತಾಳೆ. ಮಗಳು ಜಾಕಿಯಾಗಿ ಎರಡು ವರ್ಷವಾದರೂ ಅವಳು ಜೀನಿನ ಮೇಲೆ ಕೂತಾಗಲೆಲ್ಲ ನನ್ನ ಉಸಿರು ಅರ್ಧಕ್ಕೇ ನಿಲ್ಲುತ್ತದೆ. ನಾನೂ ಒಂದು ಕಾಲದಲ್ಲಿ ಹತ್ತಿದವಳೇ, ಬಿದ್ದವಳೇ. ಆಗ ಇಷ್ಟು ಹೆದರಿದ್ದು ನೆನಪಿಲ್ಲ.

ಸಂಜೆ ಅಣ್ಣನ ಪದ್ಧತಿಯಂತೆ ಎಲ್ಲ ಕುದುರೆಗಳ ಕಾಲು ಮುಟ್ಟಿ ನೋಡಿದೆ. ಮೊಣಕಾಲಿನಿಂದ ಗೊರಸಿನ ಗಂಟಿನವರೆಗೆ ಅಂಗೈಯನ್ನು ನಿಧಾನವಾಗಿ ಇಳಿಸುತ್ತಾ ಬರಬೇಕು. ಮೂಳೆ ನೊಂದಿದ್ದರೆ ಅಲ್ಲಿ ಬಿಸಿ ಇರುತ್ತದೆ. ಕುದುರೆ ಕುಂಟುವುದಕ್ಕೆ ಎಷ್ಟೋ ಮೊದಲು ಆ ಬಿಸಿ ಕೈಗೆ ಸಿಗುತ್ತದೆ. ಎಲ್ಲ ಕಾಲುಗಳೂ ತಣ್ಣಗಿದ್ದವು. ಆಮೇಲೆಯೇ ಊಟಕ್ಕೆ ಕೂತೆ.

ಆಗಸ್ಟ್ 9

ಬಿಸ್ಕತ್ ಸಾಹೇಬರು ಬಂದಿದ್ದರು. ಬಿಸ್ಕತ್ ಫ್ಯಾಕ್ಟರಿ ಇರುವುದರಿಂದ ಆ ಹೆಸರು. ಎದುರಿಗೆ ಬರೀ ಸಾಹೇಬರು. ಆರರಲ್ಲಿ ನಾಲ್ಕು ಕುದುರೆಗಳು ಅವರವು, ಗುಬ್ಬಿಯೂ ಸೇರಿ. ಅವರು ನಾಲ್ಕನ್ನೂ ಬಿಡಿಸಿಕೊಂಡು ಹೋದರೆ ಉಳಿದೆರಡೂ ಹಿಂದೆಯೇ ಹೋಗುತ್ತವೆ, ಲಾಯದಲ್ಲಿ ಉಳಿಯುವುದು ನಾನು, ಕುದುರೆ ನೋಡಿಕೊಳ್ಳುವ ಗೊಣಗಣ್ಣ, ಮತ್ತು ಇಲಿಗಳು.

"ನಿಮ್ಮಣ್ಣನ ಕಾಲ ಮುಗೀತಲ್ಲಮ್ಮ, ಇನ್ನಾದ್ರೂ ಸ್ವಲ್ಪ ಓಡ್ಸಿ. ನಿಮ್ಮ ಕುದುರೆಗಳು ಬೆಳಿಗ್ಗೆ ವಾಕಿಂಗ್ ಬರೋ ರಿಟೈರ್ಡ್ ಮೇಷ್ಟ್ರುಗಳ ಥರ ಕಾಣ್ತವೆ" ಎಂದರು. ನಗಬೇಕೋ ಬೇಡವೋ ತಿಳಿಯದೆ ಅರ್ಧ ನಕ್ಕೆ.

ಎದುರಿನ ಸಾಲಿನ ಲಾಯ ತೋರಿಸಿದರು. ಅಲ್ಲಿನ ಟ್ರೈನರನ್ನು ಎಲ್ಲರೂ ಮೆಷಿನ್ ಎಂದೇ ಕರೆಯುವುದು. ಅವನ ಕುದುರೆಗಳು ವಾರಕ್ಕೆ ಮೂರು ಸಲ ನಾಗಾಲೋಟ ಓಡುತ್ತವೆ, ಬೇಗ ಗೆಲ್ಲುತ್ತವೆ, ಬೇಗ ಕಾಣೆಯಾಗುತ್ತವೆ. ಕಾಣೆಯಾದವು ಎಲ್ಲಿಗೆ ಹೋದವು ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಅಣ್ಣ ವಾರಕ್ಕೊಂದೇ ಸಲ ಜೋರಾಗಿ ಓಡಿಸುತ್ತಿದ್ದ. ಉಳಿದ ದಿನ ನಡಿಗೆ, ಮರಳಿನ ಮೇಲೆ ಹಗುರ ಓಟ. ಅದಕ್ಕೇ ನಮ್ಮ ಹಳೆಯ ಕುದುರೆ 'ತಾತ' ಒಂಬತ್ತನೆಯ ವಯಸ್ಸಿನಲ್ಲೂ ರೇಸಿಗೆ ಹೋಗಿ ಮೂರನೆಯವನೋ ನಾಲ್ಕನೆಯವನೋ ಆಗಿ, ಏನೂ ಆಗದವನಂತೆ ಬಂದು ಹುಲ್ಲು ತಿನ್ನುತ್ತಾನೆ. ಅವನ ಜೊತೆ ಓಡಲು ಶುರುಮಾಡಿದ ಒಂದು ಕುದುರೆಯೂ ಈಗ ಟ್ರ್ಯಾಕಿನ ಮೇಲಿಲ್ಲ.

ಸಾಹೇಬರಿಗೆ ಇದನ್ನೆಲ್ಲ ಹೇಳಬೇಕಿತ್ತು. ಹೇಳುವ ಬದಲು ಕಾಫಿ ತರಿಸಿದೆ.

ಆಗಸ್ಟ್ 17

ಗುಬ್ಬಿ ನಾಲ್ಕನೆಯವಳಾದಳು. ಮೊದಲು ಬಂದ ಮೂರರಲ್ಲಿ ಎರಡು ಮೆಷಿನ್ನಿನವು. ಬಿಸ್ಕತ್ ಸಾಹೇಬರು ಬೈದಿದ್ದರೆ ಚೆನ್ನಾಗಿತ್ತು. ಅವರು ಎದುರಿನ ಲಾಯದವನ ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು.

ನಮ್ಮ ಪಕ್ಕದ ಲಾಯ ಹೋದ ವರ್ಷ ಹೀಗೇ ಖಾಲಿಯಾಯಿತು. ಮೊದಲು ಒಂದು ಕುದುರೆ ಹೋಯಿತು, ಆಮೇಲೆ ಗಾಳಿ ಬೀಸಿದ ಹಾಗೆ ಎಲ್ಲವೂ. ಈಗ ಅಲ್ಲಿ ಬಾಗಿಲುಗಳು ತಮ್ಮಷ್ಟಕ್ಕೆ ಬಡಿದುಕೊಳ್ಳುತ್ತವೆ.

ಮಗಳು ಮಾತ್ರ ಖುಷಿಯಾಗಿದ್ದಳು. "ಇನ್ನೂ ಬೆಳೀತಾ ಇದಾಳಮ್ಮ ಗುಬ್ಬಿ. ಬರೋ ವರ್ಷ ನೋಡು, ಇವರೆಲ್ಲ ಅವಳ ಬಾಲ ನೋಡ್ಕೊಂಡು ಓಡ್ಬೇಕು" ಎಂದಳು. ಬರುವ ವರ್ಷದವರೆಗೆ ಗುಬ್ಬಿ ನಮ್ಮಲ್ಲಿರಬೇಕಲ್ಲ.

ಆಗಸ್ಟ್ 21

ಗುಬ್ಬಿಗೆ ವಾರದಲ್ಲಿ ಇನ್ನೊಂದು ನಾಗಾಲೋಟ ಸೇರಿಸಿದೆ. ಒಂದೇ ಒಂದು. ಅಣ್ಣನಿಗೆ ಹೇಳಿಲ್ಲ, ಅವನ ಎದೆಗೆ ಇಂಥ ಮಾತು ಒಳ್ಳೆಯದಲ್ಲ. ಅವಳು ಓಡುವಷ್ಟು ಹೊತ್ತೂ ಕಟಕಟೆಯನ್ನು ಹಿಡಿದುಕೊಂಡು ನಿಂತಿದ್ದೆ, ಕೈ ಬಿಡಿಸಿಕೊಂಡಾಗ ಬೆರಳು ಮರಗಟ್ಟಿದ್ದವು. ಸಂಜೆ ಅವಳ ಕಾಲನ್ನು ಎಷ್ಟು ಸಲ ಮುಟ್ಟಿದೆನೋ. ಕೊನೆಗೆ ಗುಬ್ಬಿಗೇ ಬೇಸರವಾಗಿ ನನ್ನ ಸೆರಗು ಕಚ್ಚಿ ಎಳೆದಳು.

ತಣ್ಣಗಿತ್ತು.

ಸೆಪ್ಟೆಂಬರ್ 2

ಗೆದ್ದಳು! ಗುಬ್ಬಿ ಗೆದ್ದಳು! ಮೆಷಿನ್ನಿನ ಕುದುರೆಯನ್ನು ಕೊನೆಯ ತಿರುವಿನಲ್ಲಿ ಹಿಂದೆ ಹಾಕಿ, ಕಿವಿ ನಿಗುರಿಸಿಕೊಂಡು, ಅಡುಗೆಮನೆಗೆ ಬಂದವಳ ಹಾಗೆ ಸರಾಗವಾಗಿ ಬಂದಳು. ಮಗಳು ಇಳಿದವಳೇ ನನ್ನನ್ನು ತಬ್ಬಿಕೊಂಡಳು. ಬಿಸ್ಕತ್ ಸಾಹೇಬರು ನನ್ನನ್ನು ಹೊಸದಾಗಿ ನೋಡಿದವರಂತೆ ನೋಡಿ, "ಈಗ ಗೊತ್ತಾಯ್ತಾ ಅಮ್ಮ?" ಎಂದರು. ಗೊತ್ತಾಯಿತು ಎಂದು ತಲೆಯಾಡಿಸಿದೆ. ಲಾಯಕ್ಕೆ ಡಬ್ಬಗಟ್ಟಲೆ ಬಿಸ್ಕತ್ತು ಬಂತು. ಗೊಣಗಣ್ಣ ನಮ್ಮ ಹಳೆಯ ಸೈಸ್, ಕುದುರೆಗಳ ತಿಂಡಿ, ಸ್ನಾನ, ಮಾಲೀಶು ಎಲ್ಲ ಅವನದೇ; ಎಲ್ಲದಕ್ಕೂ ಗೊಣಗುವವನು. "ಎಲ್ಲಾ ಮುರುಕು ಬಿಸ್ಕತ್ತು" ಎಂದು ಗೊಣಗುತ್ತಲೇ ಒಂದು ಡಬ್ಬ ಖಾಲಿ ಮಾಡಿದ.

ಮನೆಗೆ ಬರುವಷ್ಟರಲ್ಲಿ ಸಂತೋಷ ಇಳಿದುಹೋಗಿತ್ತು. ಅಕ್ಟೋಬರಿನಲ್ಲಿ ದೊಡ್ಡ ಕಪ್ಪಿನ ರೇಸು. ಸಾಹೇಬರು ಗುಬ್ಬಿಯನ್ನು ಅದಕ್ಕೆ ಹಾಕಿ ಎಂದಿದ್ದಾರೆ. ಒಂದು ಸಲ ಗೆದ್ದು ಆಮೇಲೆ ಸೋತರೆ, ಮೊದಲಿಂದ ಸೋತವರಿಗಿಂತ ಕಡೆಯಾಗುತ್ತೇವೆ.

ಸೆಪ್ಟೆಂಬರ್ 8

ವಾರಕ್ಕೆ ಮೂರು ಮಾಡಿದ್ದೇನೆ. ಕಪ್ಪಿನವರೆಗೆ ಮಾತ್ರ.

ಕುದುರೆ ಡಾಕ್ಟರಮ್ಮ ಬಂದಿದ್ದರು. ತಾತನ ಹಲ್ಲು ನೋಡಲು ಬಂದವರು ಟ್ರ್ಯಾಕಿನ ಅಂಚಿನಲ್ಲಿ ನಿಂತು ಗುಬ್ಬಿ ಓಡುವುದನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಓಡ್ಸೋದು ತಪ್ಪಲ್ಲ" ಎಂದರು. "ಓಡ್ಸದೇ ಇದ್ರೆ ಮೂಳೆ ಗಟ್ಟಿ ಆಗೋದೇ ಇಲ್ಲ. ಆದ್ರೆ ಜೋರಾಗಿ ಓಡಿದಾಗಲೆಲ್ಲ ಮೂಳೆಯೊಳಗೆ ಕಣ್ಣಿಗೆ ಕಾಣದಂಥ ಬಿರುಕು ಬೀಳ್ತವೆ. ಅದನ್ನ ರಿಪೇರಿ ಮಾಡ್ಕೊಳ್ಳೋಕೆ ಅದಕ್ಕೆ ಬಿಡುವು ಬೇಕು. ರಿಪೇರಿ ಮುಗಿಯೋಕೆ ಮುಂಚೆ ಮತ್ತೆ ಓಡಿಸಿದ್ರೆ ಬಿರುಕಿನ ಮೇಲೆ ಬಿರುಕು. ಹೊರಗಿಂದ ಕುದುರೆ ಚೆನ್ನಾಗೇ ಇರುತ್ತೆ, ಗೆಲ್ಲುತ್ತೆ ಕೂಡ. ಆಮೇಲೆ ಒಂದಿನ..."

ಒಂದಿನ ಏನು ಎಂದು ಕೇಳುವ ಬದಲು ಅವರನ್ನು ತಾತನ ಹತ್ತಿರ ಕರೆದುಕೊಂಡು ಹೋದೆ. ಅವರು ಡಾಕ್ಟರು, ಹೆದರಿಸುವುದು ಅವರ ಕೆಲಸ. ಅವರಿಗೇನು, ಲಾಯ ಖಾಲಿಯಾದರೆ ಇನ್ನೊಂದು ಲಾಯಕ್ಕೆ ಹೋಗುತ್ತಾರೆ.

ಅಣ್ಣ ಕೇಳಿದ, ಗುಬ್ಬಿ ವಾರಕ್ಕೊಂದೇ ತಾನೆ ಎಂದು. ಹೂಂ ಎಂದೆ. ಅವನ ಮುಖ ಎಷ್ಟು ಸಣ್ಣದಾಗಿಬಿಟ್ಟಿದೆ.

ಸೆಪ್ಟೆಂಬರ್ 15

ಎಡ ಮುಂಗಾಲು ಬಿಸಿ.

ಸಂಜೆ ಮುಟ್ಟಿದಾಗ ನನ್ನ ಕೈಯದೇ ಬಿಸಿಯಿರಬೇಕು ಎಂದುಕೊಂಡು ತಣ್ಣೀರಿನಲ್ಲಿ ತೊಳೆದುಕೊಂಡು ಬಂದು ಮತ್ತೆ ಮುಟ್ಟಿದೆ. ಬಲಗಾಲು ಮುಟ್ಟಿ ಎಡಗಾಲು ಮುಟ್ಟಿದೆ. ಮೂಳೆಯ ಮೇಲೆ ಅಂಗೈ ಅಗಲದ ಜಾಗ, ಆಗತಾನೆ ಒಲೆಯಿಂದ ಇಳಿಸಿದ ಪಾತ್ರೆಯ ಹೊರಮೈಯಂತೆ. ಒತ್ತಿದರೆ ಗುಬ್ಬಿ ಕಾಲು ಹಿಂದಕ್ಕೆ ಎಳೆದುಕೊಂಡಳು. ನಾನು ಹುಲ್ಲಿನ ಮೇಲೆ ಕುಳಿತುಬಿಟ್ಟೆ.

ಡಾಕ್ಟರಮ್ಮನನ್ನು ಕರೆಸಿದೆ. ಎಕ್ಸ್‌ರೇ ತೆಗೆಸಬೇಕು, ಒಂದೆರಡು ತಿಂಗಳು ನಾಗಾಲೋಟ ಬೇಡ ಎಂದರು. ಒಂದೆರಡು ತಿಂಗಳು ಎಂದರೆ ಕಪ್ಪು ಹೋಯಿತು. ಎಕ್ಸ್‌ರೇ ತೆಗೆಸಿದರೆ ಸುದ್ದಿ ಸಾಹೇಬರ ಕಿವಿಗೆ ಬೀಳುತ್ತದೆ. ಇಲ್ಲಿ ಗೋಡೆಗೂ ಕಿವಿ, ಕುದುರೆಗೂ ಕಿವಿ. ಕೆಲವು ದಿನ ನೋಡುತ್ತೇನೆ ಎಂದೆ. ಡಾಕ್ಟರಮ್ಮ "ನಿಮ್ಮಿಷ್ಟ" ಎಂದು ಬ್ಯಾಗ್ ಮುಚ್ಚಿದರು.

ಗೊಣಗಣ್ಣನ ಮೇಲೆ ಹರಿಹಾಯ್ದೆ. ಮಾಲೀಶು ಸರಿಯಾಗಿ ಮಾಡಿಲ್ಲ, ಪಟ್ಟಿ ಬಿಗಿಯಾಗಿ ಕಟ್ಟಿದ್ದೀಯ ಎಂದೆಲ್ಲ. ಪಾಪ, ಅವನು ಇವತ್ತು ಮಾತ್ರ ಗೊಣಗಲಿಲ್ಲ.

ಸೆಪ್ಟೆಂಬರ್ 19

ನಾಲ್ಕು ದಿನ ಬರೀ ನಡಿಗೆ, ದಿನಕ್ಕೆ ಎರಡು ಸಲ ಐಸು. ಕಾಲು ಸುಮಾರಾಗಿದೆ. ನಾಳೆಯಿಂದ ಮತ್ತೆ ಓಟ.

ಒಂದು ಅನುಕೂಲ ಮಾಡಿಕೊಂಡಿದ್ದೇನೆ. ಗೊಣಗಣ್ಣ ಮೊದಲು ಐಸಿನ ಪಟ್ಟಿ ಕಟ್ಟಿ, ಬಿಚ್ಚಿ, ಒರೆಸಿ ಮುಗಿಸಲಿ, ಆಮೇಲೆ ನಾನು ಸುತ್ತು ಬರುತ್ತೇನೆ. ಮೊದಲು ನಾನು ಮುಟ್ಟಿ, ಆಮೇಲೆ ಅವನು ಕಟ್ಟುವುದೆಂದರೆ ಇಬ್ಬರಿಗೂ ಕಾಯುವ ಕೆಲಸ. ಹೀಗಾದರೆ ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದೆ.

ಇವತ್ತು ಗುಬ್ಬಿಯ ಎಡಗಾಲು ಹಾಗೇ ಬಾವಿ ನೀರಿನಂತೆ ತಣ್ಣಗಿತ್ತು. ಎಷ್ಟು ದಿನದ ಮೇಲೆ ಕಣ್ತುಂಬ ನಿದ್ದೆ ಬರಬಹುದು ಅನ್ನಿಸುತ್ತಿದೆ.

ಸೆಪ್ಟೆಂಬರ್ 24

ತಾತನನ್ನು ಸವಾರಿ ಕಲಿಸುವ ಶಾಲೆಗೆ ಕೊಟ್ಟೆವು. ಗೆಲ್ಲದ ಕುದುರೆಗೆ ಜಾಗ ಯಾಕೆ, ಅಲ್ಲಿ ನನ್ನದೊಂದು ಹೊಸ ಮರಿ ಕಟ್ಟಿ ಎಂದರು ಸಾಹೇಬರು. ಮಗಳು ಊಟ ಬಿಟ್ಟಳು. ನನಗೆ ಇವತ್ತು ಪುರುಸೊತ್ತೇ ಇರಲಿಲ್ಲ, ಹೊಸ ಮರಿಗೆ ಲಗಾಮು ಕಲಿಸಬೇಕಿತ್ತು. ಎರಡು ವರ್ಷ ತುಂಬಿಲ್ಲ, ಆಗಲೇ ಒಳ್ಳೆ ಮೈಕಟ್ಟು. ಬೇಗ ಶುರುಮಾಡಬಹುದು.

ಸೆಪ್ಟೆಂಬರ್ 30

ಬೇಗ ಬರೆದು ಮುಗಿಸುತ್ತೇನೆ.

ಬೆಳಗಿನ ಓಟದಲ್ಲಿ ಮೆಷಿನ್ನಿನ ಬಿಳಿ ಕುದುರೆ ನಮ್ಮ ಕಣ್ಣೆದುರೇ ಹೋಯಿತು. ಒಣಕಟ್ಟಿಗೆ ಮುರಿದ ಸದ್ದು. ಅದು ಮೂರು ಕಾಲಿನಲ್ಲಿ ಇನ್ನೂ ಓಡಲು ನೋಡುತ್ತಿತ್ತು. ಅದನ್ನು ಮಾತ್ರ ನೋಡಬಾರದಾಗಿತ್ತು. ಸವಾರ ಬಿದ್ದು ಉರುಳಿ ಎದ್ದ, ಬದುಕಿದ. ಹಸಿರು ಪರದೆ ತಂದು ಸುತ್ತ ಹಿಡಿದರು. ಪರದೆ ಹಿಡಿದವರೆಲ್ಲ ಬೇರೆ ಬೇರೆ ಕಡೆ ನೋಡುತ್ತಿದ್ದರು. ಒಳಗಿಂದ ಒಂದೇ ಗುಂಡಿನ ಸದ್ದು, ಆಮೇಲೆ ಪರದೆ ತೆಗೆದರು, ಗಾಡಿ ಬಂತು.

ಮಗಳು ಗುಬ್ಬಿಯ ಮೇಲೆ ಕೂತೇ ಎಲ್ಲವನ್ನೂ ನೋಡಿದಳು. ಅವಳ ತುಟಿ ಬಿಳಿಚಿಕೊಂಡಿತ್ತು. ನನಗೆ ಓಡಿಹೋಗಿ ಅವಳನ್ನು ಕೆಳಗೆ ಎಳೆದುಕೊಳ್ಳಬೇಕು ಅನ್ನಿಸಿತು. ಕಟಕಟೆ ಬಿಡದೆ ನಿಂತೇ ಇದ್ದೆ.

ಸಂಜೆ ಗುಬ್ಬಿಯ ಕಾಲು ಮುಟ್ಟಿದೆ. ತಣ್ಣಗಿತ್ತು, ಪುಣ್ಯಕ್ಕೆ. ಮೆಷಿನ್ನಿನ ಲಾಯದಲ್ಲಿ ಐಸೇ ಹಾಕುವುದಿಲ್ಲವಂತೆ. ಅವರಿಗೂ ನಮಗೂ ಅದೇ ವ್ಯತ್ಯಾಸ.

ಅಕ್ಟೋಬರ್ 6

ಮಗಳು ಓಟ ಮುಗಿಸಿ ಬಂದವಳು ಕೆಳಗಿಳಿಯದೆ, "ಅಮ್ಮ, ಗುಬ್ಬಿ ಎಡಗಾಲು ಪೂರ್ತಿ ಇಡ್ತಿಲ್ಲ" ಎಂದಳು.

"ಕುಂಟ್ತಾ ಇಲ್ವಲ್ಲ."

"ಕುಂಟ್ತಿಲ್ಲ. ನಿಧಾನಕ್ಕೆ ಹೋದ್ರೆ ಏನೂ ಗೊತ್ತಾಗಲ್ಲ. ಜೋರಾಗಿ ಬಿಟ್ಟಾಗ ಮಾತ್ರ. ಬಿಸಿ ನೆಲದ ಮೇಲೆ ಹೆಜ್ಜೆ ಇಟ್ಟ ಹಾಗೆ ಇಟ್ಟು ಎತ್ಕೊಂಡ್ಬಿಡ್ತಾಳೆ. ನಂಗೆ ಭುಜದವರೆಗೂ ಗೊತ್ತಾಗುತ್ತೆ."

ಗೊಣಗಣ್ಣನಿಗೆ ಹೇಳಿ ಗುಬ್ಬಿಯನ್ನು ಸಿಮೆಂಟಿನ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಸಿ ನೋಡಿದೆ, ಹಗುರವಾಗಿ ಓಡಿಸಿ ನೋಡಿದೆ. ಏನೂ ಇಲ್ಲ. "ನೀನು ಆ ಬಿಳಿ ಕುದುರೇನ ನೋಡ್ದಾಗಿಂದ ಹೆದರ್ಕೊಂಡಿದೀಯ" ಎಂದೆ.

"ನೀನು ಹೆದರ್ಕೊಂಡಿಲ್ವಾ?" ಎಂದಳು.

"ದಿನಾ ಸಂಜೆ ಮುಟ್ಟಿ ನೋಡ್ತೀನಿ. ತಣ್ಣಗಿದೆ" ಎಂದೆ. ಅವಳು ಹೆಲ್ಮೆಟ್ ಬಿಚ್ಚಿದಳು. ನನ್ನ ಕೈಯ ಮೇಲೆ ಅವಳಿಗೆ ಚಿಕ್ಕಂದಿನಿಂದ ಬಹಳ ನಂಬಿಕೆ. ಜ್ವರ ಬಂದರೆ ಥರ್ಮಾಮೀಟರ್ ಬೇಡ, ಅಮ್ಮ ಹಣೆ ಮುಟ್ಟಲಿ ಎನ್ನುತ್ತಿದ್ದವಳು.

ಬಿಸ್ಕತ್ ಸಾಹೇಬರು ಕಪ್ಪಿನ ದಿನಕ್ಕೆ ನೆಂಟರನ್ನೆಲ್ಲ ಕರೆದಿದ್ದಾರಂತೆ.

ಅಕ್ಟೋಬರ್ 8

ಅಣ್ಣ ಫೋನ್ ಮಾಡಿದ್ದ. ಮಗಳು ಏನಾದರೂ ಹೇಳಿರಬೇಕು.

"ಗುಬ್ಬಿ ಕಾಲು ಮುಟ್ಟಿದ್ಯಾ?"

"ಮುಟ್ಟಿದೆ."

"ಹೇಗಿತ್ತು?"

"ತಣ್ಣಗಿತ್ತು ಕಣೋ ಅಣ್ಣ."

ಇದರಲ್ಲಿ ಸುಳ್ಳೇನಿದೆ? ಆದರೂ ಬೇಗ ಫೋನ್ ಇಟ್ಟುಬಿಟ್ಟೆ. ಅವನು ಇನ್ನೊಂದು ಪ್ರಶ್ನೆ ಕೇಳುತ್ತಾನೆ ಎಂದು ಹೆದರಿದ್ದೆ. ಯಾವ ಪ್ರಶ್ನೆ ಎಂದು ನನಗೂ ಗೊತ್ತಿಲ್ಲ.

ಅಕ್ಟೋಬರ್ 10

ನಾಡಿದ್ದು ಕಪ್ಪು. ಗುಬ್ಬಿಯನ್ನು ಓಡಿಸಬಾರದು ಎಂದು ಮಗಳು ಹಟ ಹಿಡಿದಿದ್ದಾಳೆ.

"ಬೇರೆ ಜಾಕಿ ನೋಡ್ಲಾ?" ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಅವಳು ನನ್ನನ್ನು ಹೇಗೆ ನೋಡಿದಳೆಂದರೆ ಆ ಮಾತನ್ನು ನೆಲದಿಂದ ಹೆಕ್ಕಿ ಬಾಯೊಳಗೆ ಹಾಕಿಕೊಳ್ಳಬೇಕು ಅನ್ನಿಸಿತು.

"ಬೇರೆಯವರ ಮಕ್ಕಳಾದ್ರೆ ಪರವಾಗಿಲ್ವಾ?" ಎಂದಳು. ಆಮೇಲೆ ಸ್ವಲ್ಪ ಮೆತ್ತಗಾಗಿ, "ಒಂದು ಕೆಲಸ ಮಾಡು. ನಾಳೆ ಬೆಳಿಗ್ಗೆ ನೀನೇ ಹತ್ತು. ನಂಗಿಂತ ಮುಂಚೆ ಕುದುರೆ ಹತ್ತಿದವಳು ನೀನು. ಜೋರಾಗಿ ಒಂದ್ಸಲ ಬಿಟ್ಟು ನೋಡು. ನೀನು ಸರಿ ಇದಾಳೆ ಅಂದ್ರೆ ನಾನು ಇನ್ನೊಂದು ಮಾತಾಡಲ್ಲ" ಎಂದಳು.

ಆಗಲಿ ಎಂದೆ. ಇನ್ನೇನು ಹೇಳಲಿ?

ಅಕ್ಟೋಬರ್ 11

ಹತ್ತಿದೆ. ಎಷ್ಟೋ ವರ್ಷಗಳ ಮೇಲೆ. ಗೊಣಗಣ್ಣ ಕಾಲು ಹಿಡಿದು ಎತ್ತಿ ಕೂರಿಸುವಾಗ "ಮೊದಲಿಗಿಂತ ಭಾರ ಆಗಿದೀರಿ" ಎಂದು ಗೊಣಗಿದ. ಮಗಳು ನಕ್ಕಳು. ಅವಳು ನಗುವುದನ್ನು ನೋಡಿ ಎಷ್ಟು ದಿನವಾಗಿತ್ತು.

ಟ್ರ್ಯಾಕಿನ ಮೇಲೆ ಮಂಜು ಇತ್ತು. ಎದುರು ಬದಿ ಕಾಣುತ್ತಿರಲಿಲ್ಲ. ಗುಬ್ಬಿಯ ಮೈ ನನ್ನ ತೊಡೆಗಳ ಕೆಳಗೆ ಬೆಚ್ಚಗೆ ಮಿಡಿಯುತ್ತಿತ್ತು. ಹಗುರ ಓಟದಲ್ಲಿ ಹೊರಟೆವು. ಚೆನ್ನಾಗಿಯೇ ಇದ್ದಳು. ಎಡಗಾಲು, ಬಲಗಾಲು, ಎಲ್ಲ ಒಂದೇ ಸಮ. ಮಂಜಿನೊಳಗೆ ಹೋದಮೇಲೆ ಮಗಳಿಗೆ ನಾವು ಕಾಣುತ್ತಿರಲಿಲ್ಲ. ಅಲ್ಲಿ ಬಿಡಬೇಕಿತ್ತು. ಗುಬ್ಬಿಯೂ ಕತ್ತು ಚಾಚಿ ಕೇಳಿದಳು, ಬಿಡು ಬಿಡು ಎಂದು. ನಾನು ಲಗಾಮನ್ನು ಎದೆಗೆ ಎಳೆದುಕೊಂಡೆ. ನಾಳೆ ರೇಸಿರುವಾಗ ಇವತ್ತು ಸುಮ್ಮನೆ ಯಾಕೆ ದಣಿಸುವುದು? ಅದೂ ಅಲ್ಲದೆ ನೆಲ ಒದ್ದೆಯಿತ್ತು, ನನಗೂ ರೂಢಿ ತಪ್ಪಿದೆ. ಹಗುರ ಓಟದಲ್ಲೇ ಸುತ್ತು ಮುಗಿಸಿದೆ. ಕೊನೆಯ ತಿರುವು ದಾಟಿ ಅವರಿಗೆ ಕಾಣುವ ಜಾಗಕ್ಕೆ ಬಂದಾಗ ಸ್ವಲ್ಪ ಮುಂದಕ್ಕೆ ಬಾಗಿದೆ.

ಮಗಳು ಕಟಕಟೆಯ ಹತ್ತಿರ ನಿಂತಿದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು.

"ಸರಿ ಇದಾಳೆ" ಎಂದೆ.

"ನಿಜವಾಗ್ಲೂ?"

"ಸರಿ ಇದಾಳೆ ಕಣೇ."

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. ಗುಬ್ಬಿಯ ಮೂಗಿಗೆ ಮುತ್ತಿಟ್ಟು, "ಹಾಗಾದ್ರೆ ನಂದೇ ಭ್ರಮೆ ಕಣೇ ಗುಬ್ಬಿ, ಕ್ಷಮಿಸು" ಎಂದಳು. ನಾನು ಕೆಳಗಿಳಿಯಲು ಗೊಣಗಣ್ಣನ ಹೆಗಲು ಹಿಡಿಯಬೇಕಾಯಿತು. ವಯಸ್ಸಾಯಿತು.

ಅಕ್ಟೋಬರ್ 12

ಇವತ್ತು ಕಪ್ಪು. ಮಗಳು ಬೆಳಿಗ್ಗೆ ಹಾಡು ಗುನುಗುತ್ತಾ ಬೂಟು ಒರೆಸುತ್ತಿದ್ದಾಳೆ. ಸಾಹೇಬರ ನೆಂಟರು ಆಗಲೇ ಬಂದಿಳಿದಿದ್ದಾರಂತೆ.

ಹೋಗಿ ಹೇಳಿಬಿಡಲೇ? ಏನೆಂದು ಹೇಳುವುದು? ಕಾಲು ತಣ್ಣಗಿದೆ, ಕುಂಟುತ್ತಿಲ್ಲ, ನಿನ್ನೆ ನಾನೇ ಹತ್ತಿ ನೋಡಿದ್ದೇನೆ. ಹೇಳಲು ಏನೂ ಇಲ್ಲ.

ಬಾ ಅಮ್ಮ ಎಂದು ಕರೆಯುತ್ತಿದ್ದಾಳೆ.

ಅಕ್ಟೋಬರ್ 16

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೇನೆ. ಬರೆಯಬಾರದು ಎಂದುಕೊಂಡಿದ್ದೆ. ಬರೆಯದಿದ್ದರೆ ಅದು ತಲೆಯೊಳಗೇ ಓಡುತ್ತಿರುತ್ತದೆ.

ಗುಬ್ಬಿ ಕೊನೆಯ ತಿರುವಿನವರೆಗೆ ಮೊದಲನೆಯವಳಾಗಿದ್ದಳು. ಸಾಹೇಬರು ನನ್ನ ತೋಳು ಹಿಡಿದು ಕುಣಿಯುತ್ತಿದ್ದರು. ಆಮೇಲೆ ಅವಳ ತಲೆ ಕೆಳಗೆ ಹೋಯಿತು, ಮಗಳು ಅವಳ ಕತ್ತಿನ ಮೇಲಿಂದ ಹಾರಿ ಬಿದ್ದಳು, ಹಿಂದಿನ ಕುದುರೆಗಳು ಅವರಿಬ್ಬರ ಮೇಲೆಯೇ ಬಂದವು. ನಾನು ಓಡಿದೆನಂತೆ. ನನಗೆ ನೆನಪಿಲ್ಲ. ಹಸಿರು ಪರದೆಯ ಎರಡು ಬದಿಗೂ ನನ್ನವರೇ ಇದ್ದರು. ಒಳಗೆ ಗುಬ್ಬಿ, ಹೊರಗೆ ಹುಲ್ಲಿನ ಮೇಲೆ ಮಗಳು. ನಾನು ಮಗಳ ಹತ್ತಿರ ಮಂಡಿಯೂರಿದ್ದೆ. ಪರದೆಯೊಳಗಿಂದ ಆ ಗುಂಡಿನ ಸದ್ದು ಕೇಳಿಸಿದಾಗ ಪ್ರಜ್ಞೆ ಇಲ್ಲದ ಅವಳ ಕಿವಿಗಳನ್ನು ನನ್ನ ಎರಡೂ ಕೈಗಳಿಂದ ಮುಚ್ಚಿದೆ.

ಭುಜದ ಮೂಳೆ, ಪಕ್ಕೆಲುಬುಗಳು, ಸೊಂಟ. ಬದುಕುತ್ತಾಳೆ. ನಡೆಯುತ್ತಾಳೆ ಎಂದೂ ಹೇಳಿದ್ದಾರೆ, ನಿಧಾನವಾಗಿ. ಕುದುರೆ ಹತ್ತುವ ಮಾತನ್ನು ನಾನು ಕೇಳಲಿಲ್ಲ, ಅವರೂ ಎತ್ತಲಿಲ್ಲ.

ಡಾಕ್ಟರಮ್ಮ ಬಂದಿದ್ದರು. ಗುಬ್ಬಿಯ ಮೂಳೆ ಒಂದೇ ಏಟಿಗೆ ಮುರಿದದ್ದಲ್ಲ, ಹಳೆಯ ಬಿರುಕು ಬೆಳೆಯುತ್ತಾ ಬಂದಿತ್ತು ಎಂದರು. ಬೈಯಲಿಲ್ಲ. ಬಿಸ್ಕತ್ ಸಾಹೇಬರ ಉಳಿದ ಕುದುರೆಗಳು ಆವತ್ತು ಸಂಜೆಯೇ ಎದುರಿನ ಲಾಯಕ್ಕೆ ಹೋದವಂತೆ. ಈ ಸುದ್ದಿಗಾಗಿ ಎರಡು ತಿಂಗಳು ನಡುಗಿದ್ದೆ. ಕೇಳಿದಾಗ ಯಾರದೋ ಮನೆಯ ಸುದ್ದಿಯಂತಿತ್ತು.

ಅಕ್ಟೋಬರ್ 19

ಇವತ್ತು ಅವಳು ಮಾತಾಡಿದಳು.

ಮಧ್ಯಾಹ್ನ, ನರ್ಸು ಬಂದು ಹೋದಮೇಲೆ. ಅವಳಿಗೆ ಚಮಚದಲ್ಲಿ ನೀರು ಕುಡಿಸುತ್ತಿದ್ದೆ. ಗುಬ್ಬಿ ಇಲ್ಲ ಎಂದು ಯಾರೂ ಹೇಳದೆಯೇ ಅವಳಿಗೆ ಗೊತ್ತಿತ್ತು.

"ಅಮ್ಮ, ಅವತ್ತು ಮಂಜಲ್ಲಿ ಜೋರಾಗಿ ಬಿಟ್ಟು ನೋಡಿದ್ಯಾ?"

ಹೂಂ ಎನ್ನಲು ಬಾಯಿ ತೆರೆದೆ. ಅಣ್ಣನಿಗೆ ಅಂದದ್ದು ಅದನ್ನೇ, ಅಷ್ಟೇ ಸುಲಭವಾಗಿ ಬರುತ್ತಿತ್ತು. ಅವಳು ತಲೆ ತಿರುಗಿಸಲಾರದೆ ಕಣ್ಣನ್ನು ಮಾತ್ರ ನನ್ನ ಕಡೆ ಹೊರಳಿಸಿದಳು.

"ಇಲ್ಲ" ಎಂದೆ.

"ಯಾಕೆ?"

"ಭಯ ಆಯ್ತು. ಬಿಟ್ರೆ ಕಾಲು ಮುರಿಯುತ್ತೆ, ಬೀಳ್ತೀನಿ ಅನ್ನಿಸ್ತು."

ಹೇಳಿದಮೇಲೆ ನನ್ನ ಮಾತು ನನಗೇ ಕೇಳಿಸಿತು. ನನಗೆ ಗೊತ್ತಿತ್ತು. ಲಗಾಮನ್ನು ಎದೆಗೆ ಎಳೆದುಕೊಂಡಾಗ ನನ್ನ ಕೈಗೆ ಗೊತ್ತಿತ್ತು, ಮಾರನೆಯ ದಿನ ಅದೇ ಲಗಾಮನ್ನು ಅವಳ ಕೈಗೆ ಕೊಟ್ಟೆ. ಅವಳು ಕೂಗಾಡಲಿ, ಚಮಚ ಬಿಸಾಡಲಿ ಎಂದು ಕಾದೆ. ಅವಳ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು, ಒರೆಸಿಕೊಳ್ಳಲು ಅವಳ ಕೈ ಏಳುವಂತಿರಲಿಲ್ಲ. ನಾನು ಒರೆಸಲು ಹೋದೆ. ಬೇಡ ಎಂದು ಕಣ್ಣು ಮುಚ್ಚಿಕೊಂಡಳು.

"ನಂಗೂ ಭಯ ಆಗಿತ್ತು" ಎಂದಳು. "ತಿರುವಿಗೆ ಮುಂಚೆ ಎಳೆದು ನಿಲ್ಲಿಸಿಬಿಡೋಣ ಅಂತ ಲಗಾಮು ಬಿಗಿ ಹಿಡಿದಿದ್ದೆ. ಅಮ್ಮ ಹತ್ತಿ ನೋಡಿದಾಳಲ್ಲ ಅಂತ ಬಿಟ್ಟೆ."